ಜಯಮಂಗಲಿಯ ಜಾಡು ಹಿಡಿದು ಮೂರು ದಿನ

ಅಪ್ಪ ಹುಟ್ಟಿ ಬೆಳೆದದ್ದು ಮಧುಗಿರಿ ತಾಲ್ಲೂಕಿನಲ್ಲಿ, ಜಯಮಂಗಲಿ ಹೊಳೆಯ ದಂಡೆಯ ಒಂದು ಹಳ್ಳಿಯಲ್ಲಿ. ಕೆಲಸ ಸಿಕ್ಕಿ ತುಮಕೂರಿಗೆ ಬಂದು ನಲವತ್ತು ವರ್ಷಗಳಾದವು. ಈ ನಲವತ್ತು ವರ್ಷಗಳಲ್ಲಿ ದೇವರಾಯನದುರ್ಗಕ್ಕೆ ಅವರು ಹೋಗಿದ್ದು ಎರಡೇ ಸಲ, ಎರಡೂ ಸಲ ಮದುವೆಯ ನೆಪದಲ್ಲಿ. ತಮ್ಮ ಊರಿನ ಹೊಳೆ ಹುಟ್ಟುವುದು ಮನೆಯ ತಾರಸಿಯಿಂದ ಕಾಣುವ ಆ ಬೆಟ್ಟದಲ್ಲಿಯೇ ಎಂಬುದು ಅವರಿಗೆ ಗೊತ್ತಿತ್ತು, ಆದರೆ ಆ ಕಣ್ಣಿನಿಂದ ಬೆಟ್ಟವನ್ನು ನೋಡಿರಲಿಲ್ಲ. ಕಳೆದ ಕಾರ್ತಿಕ ಮುಗಿದ ಮೇಲೆ ಒಂದು ಸಂಜೆ, ಕಾಫಿ ಕುಡಿಯುತ್ತಾ, "ಹೊಳೆಯ ಜೊತೆಯಲ್ಲಿ ಒಮ್ಮೆ ಊರಿಗೆ ಹೋಗಬೇಕು" ಎಂದರು. ಬಸ್ಸಿನಲ್ಲಿ ಹೋಗುವುದಲ್ಲ, ಹೊಳೆಯ ಜೊತೆಯಲ್ಲಿ. ಆ ಮಾತು ನನ್ನನ್ನು ಹಿಡಿದುಕೊಂಡಿತು. ಡಿಸೆಂಬರ್ ಎರಡನೆಯ ವಾರದಲ್ಲಿ ಮೂರು ದಿನ ಬಿಡುವು ಮಾಡಿಕೊಂಡು ಹೊರಟೆವು.

ಮೊದಲ ದಿನ: ನಾಮದ ಚಿಲುಮೆ, ದೇವರಾಯನದುರ್ಗ

ಬೆಳಗಿನ ಆರಕ್ಕೆ ಮನೆ ಬಿಟ್ಟೆವು. ಪೇಟೆಯ ಕೊನೆಯ ಮನೆಗಳು ಮುಗಿಯುತ್ತಿದ್ದಂತೆ ಕಾರಿನ ಗಾಜು ತಣ್ಣಗಾಯಿತು. ಅರ್ಧ ಗಂಟೆಯಲ್ಲಿ ನಾಮದ ಚಿಲುಮೆ. ತುಮಕೂರಿನ ಶಾಲಾ ಮಕ್ಕಳೆಲ್ಲ ಒಮ್ಮೆಯಾದರೂ ಪ್ರವಾಸಕ್ಕೆ ಬಂದಿರುವ ಜಾಗ ಇದು. ಅರಣ್ಯ ಇಲಾಖೆಯ ಜಿಂಕೆವನವಿದೆ, ಔಷಧಿ ಗಿಡಗಳ ತೋಟವಿದೆ, ಹಳೆಯ ಕಾಲದ ಅತಿಥಿಗೃಹವೊಂದಿದೆ. ಪಕ್ಷಿತಜ್ಞ ಸಲೀಂ ಅಲಿ ಅವರು ಹಕ್ಕಿಗಳ ಅಧ್ಯಯನಕ್ಕೆ ಬಂದಾಗ ಇಲ್ಲಿ ತಂಗಿದ್ದರು. ಜಿಂಕೆವನದ ಬೇಲಿಯ ಬಳಿ ನಾವು ಹೆಚ್ಚು ಹೊತ್ತು ನಿಲ್ಲಲಿಲ್ಲ. ಬೇಲಿಯಿಲ್ಲದ ಕಡೆ ನೋಡಬೇಕಾದ ಪ್ರಾಣಿಯ ನೆನಪಿನಲ್ಲಿಯೇ ಹೊರಟಿದ್ದೆವು.

ಚಿಲುಮೆಯ ಕಥೆ ಎಲ್ಲರಿಗೂ ಗೊತ್ತು. ವನವಾಸದಲ್ಲಿದ್ದ ಶ್ರೀರಾಮನಿಗೆ ಹಣೆಯ ನಾಮ ತೇಯಲು ನೀರು ಸಿಗಲಿಲ್ಲ, ಬಂಡೆಗೆ ಬಾಣ ಹೊಡೆದ, ನೀರು ಚಿಮ್ಮಿತು. ನೋಡಲು ಹೋದವರಿಗೆ ಕಾಣುವುದು ಬಂಡೆಯಲ್ಲಿ ಒಂದು ಪುಟ್ಟ ಕುಳಿ, ಅದರೊಳಗೆ ನೀರು. ದೊಡ್ಡದನ್ನು ನಿರೀಕ್ಷಿಸಿ ಬಂದವರು "ಇಷ್ಟೇನಾ?" ಎಂದು ಮುಂದೆ ಹೋಗಿಬಿಡುತ್ತಾರೆ. ಅಪ್ಪ ಬಾಗಿ ಕುಳಿತರು. ಕೈ ಅದ್ದಿ, ನೀರನ್ನು ಎತ್ತಿ, ಅಂಗೈಯಲ್ಲಿ ಹಿಡಿದು ನೋಡಿದರು. ತೆಗೆದಷ್ಟು ನೀರು ಮೆಲ್ಲನೆ, ಸದ್ದಿಲ್ಲದೆ, ಒಳಗಿನಿಂದ ಮತ್ತೆ ಏರಿ ಮೊದಲಿನ ಗೆರೆಗೇ ಬಂದು ನಿಂತಿತು.

"ನಮ್ಮೂರಿನಲ್ಲಿ ಚಿಲುಮೆ ಎಂದರೆ ಬಂಡೆಯಲ್ಲಿ ಇರುವುದಲ್ಲ" ಎಂದರು. "ಹೊಳೆಯ ಮರಳಿನಲ್ಲಿ ನಾವೇ ತೋಡುತ್ತಿದ್ದದ್ದು. ನಾಳೆ ತೋರಿಸುತ್ತೇನೆ."

ಅಲ್ಲಿಂದ ದುರ್ಗದ ಕಡೆಗೆ. ಕಾರನ್ನು ಕೆಳಗೆ ಭೋಗನರಸಿಂಹನ ಗುಡಿಯ ಬಳಿ ಬಿಟ್ಟು ನಡೆದೆವು. ಮೇಲಿನವರೆಗೂ ರಸ್ತೆಯಿದೆ, ಬಹುತೇಕರು ವಾಹನದಲ್ಲಿಯೇ ಹೋಗುತ್ತಾರೆ. ಆದರೆ ಈ ಬೆಟ್ಟ ಕಾಲಿಗೆ ಮಾತ್ರ ತನ್ನನ್ನು ಬಿಟ್ಟುಕೊಡುತ್ತದೆ. ಎಪ್ಪತ್ತನಾಲ್ಕು ವರ್ಷದ ಅಪ್ಪನ ಮಂಡಿಗಾಗಿ ಅಲ್ಲಲ್ಲಿ ನಿಂತೆವು, ಆ ನಿಲುಗಡೆಗಳೇ ನಮಗೆ ಲಾಭವಾದವು. ದಾರಿಯ ಎರಡೂ ಬದಿಗೆ ಬಂದರಿಕೆ, ಕಾರೆ, ಕವಳಿ, ಲಂಟಾನದ ಪೊದೆಗಳು, ಬಂಡೆಗಳ ಸಂದಿನಲ್ಲಿ ಎದೆಯುದ್ದದ ಒಣ ಹುಲ್ಲು. ಮಲೆನಾಡಿನಿಂದ ಬಂದ ಗೆಳತಿಯೊಬ್ಬಳು ಹಿಂದೆ ಇದೇ ಜಾಗದಲ್ಲಿ ನಿಂತು "ಇಲ್ಲಿ ಕಾಡೆಲ್ಲಿದೆ?" ಎಂದು ಕೇಳಿದ್ದಳು. ಇದೇ ಕಾಡು. ಕುರುಚಲು ಎಂದು ಹೆಸರಿಟ್ಟು ನಾವು ಕೈಬಿಟ್ಟಿರುವ ಕಾಡು. ಚಿರತೆ, ಕರಡಿ, ನವಿಲು ಎಲ್ಲವೂ ಬದುಕಿರುವುದು ಈ ಪೊದೆಗಳ ಮರೆಯಲ್ಲಿಯೇ.

ಒಂದು ತಿರುವಿನಲ್ಲಿ ಅಪ್ಪ ನೀರು ಕುಡಿಯಲು ಕುಳಿತಾಗ ಎದುರಿನ ಬಂಡೆಯ ಕೆಳಗಿನ ಪೊದೆಯಲ್ಲಿ ಪಿಕಳಾರದ, ಅಂದರೆ ಬುಲ್‌ಬುಲ್ ಹಕ್ಕಿಯ ಉಲಿ ಕೇಳಿಸಿತು. ಊರ ಪಿಕಳಾರ ಎಂದುಕೊಂಡೆ. ಪೊದೆಯ ತುದಿಗೆ ಬಂದು ಕುಳಿತಾಗ ತಲೆಗೆ ಜುಟ್ಟಿಲ್ಲ, ಕೊರಳು ಪೂರ್ತಿ ಅರಿಸಿನ ಹಚ್ಚಿದಂತೆ ಹಳದಿ. ಹಳದಿ ಕೊರಳಿನ ಪಿಕಳಾರ! ಒಂದು ಹಣ್ಣು ಕಿತ್ತು ನುಂಗಿ, ನಮ್ಮ ಕಡೆ ಒಮ್ಮೆ ತಲೆ ಓರೆ ಮಾಡಿ, ಬಂಡೆಯ ಹಿಂದಕ್ಕೆ ಜಾರಿತು. ನಾಲ್ಕೈದು ಸೆಕೆಂಡುಗಳ ದರ್ಶನ. ದಕ್ಷಿಣ ಭಾರತದ ಬಂಡೆ ಬೆಟ್ಟಗಳನ್ನು ಬಿಟ್ಟು ಜಗತ್ತಿನ ಬೇರೆಲ್ಲಿಯೂ ಈ ಹಕ್ಕಿ ಇಲ್ಲ. ಅಪಾಯದ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಇದನ್ನು ನೋಡಲೆಂದೇ ದೂರದೂರದ ಪಕ್ಷಿಪ್ರಿಯರು ಕ್ಯಾಮೆರಾ ಹೊತ್ತು ದುರ್ಗಕ್ಕೆ ಬರುತ್ತಾರೆ. ಇದಕ್ಕೆ ಬೇಕಾದದ್ದು ಬಂಡೆ ಮತ್ತು ಕುರುಚಲು ಮಾತ್ರ. ಬಂಡೆ ಕಲ್ಲುಗಣಿಯ ಪಾಲಾದರೆ, ಕುರುಚಲಿಗೆ ಬೇಸಿಗೆಯಲ್ಲಿ ಬೆಂಕಿ ಬಿದ್ದರೆ, ಇದಕ್ಕೆ ಹೋಗಲು ಬೇರೆ ಜಾಗವಿಲ್ಲ.

ದುರ್ಗದ ಹಳೆಯ ಹೆಸರು ಜಡಕನ ದುರ್ಗ. ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದುಕೊಂಡ ಮೇಲೆ ದೇವರಾಯನದುರ್ಗವಾಯಿತು. ತುದಿಯಲ್ಲಿ ಯೋಗನರಸಿಂಹ. ಬಂಡೆಯ ಅಡಿಯ ತೀರ್ಥಗಳಲ್ಲಿ ನೀರಿತ್ತು. ಕೋತಿಗಳ ಕಾಟ ವಿಪರೀತ, ಅದಕ್ಕೆ ಕಾರಣ ನಾವೇ. ಬಿಸ್ಕತ್ತು, ಚಿಪ್ಸ್ ಕೊಟ್ಟು ಕೊಟ್ಟು ಅವುಗಳಿಗೆ ಕಾಡಿನ ಹಣ್ಣು ಮರೆಸಿದ್ದೇವೆ. ಒಂದು ತಾಯಿಕೋತಿ ಪ್ಲಾಸ್ಟಿಕ್ ಚೀಲದ ಮೂಲೆಯನ್ನು ಹಲ್ಲಿನಿಂದ ಸೀಳಿ ಮರಿಗೆ ನೆಕ್ಕಿಸುತ್ತಿದ್ದದ್ದನ್ನು ನೋಡಿ ನನಗೆ ಹೊಟ್ಟೆ ಕಿವುಚಿದಂತಾಯಿತು. ದಯವಿಟ್ಟು ಬೆಟ್ಟಕ್ಕೆ ತಿಂಡಿಯ ಪೊಟ್ಟಣ ತರಬೇಡಿ, ತಂದರೆ ಖಾಲಿ ಪೊಟ್ಟಣವನ್ನು ನಿಮ್ಮ ಚೀಲದಲ್ಲಿಯೇ ಮನೆಗೆ ಒಯ್ಯಿರಿ.

ತುದಿಯಲ್ಲಿ ನಿಂತಾಗ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಈ ಬೆಟ್ಟಸಾಲಿನ ವಿಶೇಷ ಅದರ ನೀರು ಹಂಚಿಕೆಯಲ್ಲಿದೆ. ಇಲ್ಲಿ ಬಿದ್ದ ಮಳೆಯಲ್ಲಿ ಒಂದು ಪಾಲು ದಕ್ಷಿಣಕ್ಕೆ ಇಳಿದು ಶಿಂಷಾ ಆಗುತ್ತದೆ. 221 ಕಿಲೋಮೀಟರ್ ಹರಿದು ಕಾವೇರಿಯನ್ನು ಸೇರುತ್ತದೆ. ಇನ್ನೊಂದು ಪಾಲು ಈಶಾನ್ಯಕ್ಕೆ ತಿರುಗಿ ಜಯಮಂಗಲಿಯಾಗಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ಹಾಯ್ದು ಉತ್ತರ ಪಿನಾಕಿನಿಗೆ ಸೇರುತ್ತದೆ. ಒಂದೇ ಬಂಡೆಯ ಎರಡು ಮಗ್ಗುಲಿಗೆ ಬಿದ್ದ ಎರಡು ಹನಿಗಳಲ್ಲಿ ಒಂದು ತಮಿಳುನಾಡಿಗೆ, ಇನ್ನೊಂದು ಆಂಧ್ರಕ್ಕೆ. ಅಪ್ಪ ಬಂಡೆಯ ಇಳಿಜಾರನ್ನು ಕೈಯಿಂದ ಸವರಿ, "ಇದು ನಮ್ಮ ಕಡೆಗೆ" ಎಂದರು.

ರಾತ್ರಿ ಕೊರಟಗೆರೆಯಲ್ಲಿ ನೆಂಟರ ಮನೆ. ಸೊಗಡಿನ ಅವರೆಕಾಳಿನ ಸಾರು, ರಾಗಿಮುದ್ದೆ. ಅವರೆಯ ಕಾಲದಲ್ಲಿ ಈ ಸೀಮೆಯಲ್ಲಿ ಬೇರೆ ಅಡುಗೆ ಮಾಡುವವರೂ ಇಲ್ಲ, ಕೇಳುವವರೂ ಇಲ್ಲ.

ಎರಡನೆಯ ದಿನ: ಮರಳ ಹೊಳೆ

ಈ ದಿನ ಹೆಸರುವಾಸಿ ಜಾಗಗಳೆಲ್ಲ ನಮ್ಮ ದಾರಿಯ ಅಕ್ಕಪಕ್ಕದಲ್ಲಿಯೇ ಉಳಿದವು. ಗೊರವನಹಳ್ಳಿಯ ಮಹಾಲಕ್ಷ್ಮಿಗೆ ರಸ್ತೆಯಿಂದಲೇ ಕೈಮುಗಿದೆವು. ಸಿದ್ಧರ ಬೆಟ್ಟ ಇನ್ನೊಂದು ಸಲಕ್ಕೆ. ಮಧುಗಿರಿಯ ಏಕಶಿಲಾ ಬೆಟ್ಟ ಮಾತ್ರ ಮಧ್ಯಾಹ್ನದಿಂದ ಕಣ್ಣು ತಪ್ಪಿಸಿಕೊಳ್ಳಲು ಬಿಡದೆ ಎದುರಿಗೆ ನಿಂತೇ ಇತ್ತು. ಕೋಟೆ ಹತ್ತುವ ಆಸೆ ನನಗಿತ್ತು, ಅಪ್ಪನ ಮಂಡಿಗೆ ಅದು ಆಗದ ಮಾತು.

ನಾವು ಹೋಗಿದ್ದು ಹೊಳೆಗೆ. ರಸ್ತೆಯಿಂದ ಬಂಡಿಜಾಡಿಗೆ ಇಳಿದು, ರಾಗಿ ಕೊಯ್ದ ಹೊಲಗಳ ಬದುವಿನ ಮೇಲೆ ನಡೆದು, ಹೊಂಗೆಯ ಸಾಲು ದಾಟಿದರೆ ಎದುರಿಗೆ ಅಗಲವಾದ ಮರಳು. ನೀರಿನ ಗೆರೆಯೊಂದು ಆಚೆ ದಂಡೆಯ ಹತ್ತಿರ ಸಣ್ಣಗೆ ಮಿನುಗುತ್ತಿತ್ತು. ಮಳೆ ಜೋರಾದ ವರ್ಷಗಳಲ್ಲಿ ಇದೇ ಹೊಳೆ ದಂಡೆ ಮೀರಿ ಹರಿದು ಸೇತುವೆಗಳನ್ನು ಮುಳುಗಿಸಿದೆ ಎಂದರೆ ಈಗ ನೋಡಿದವರು ನಂಬುವುದಿಲ್ಲ. ಕೆಲವು ಕಡೆ ಮರಳೂ ಇಲ್ಲ, ತೆಗೆದು ತೆಗೆದು ಕೆಳಗಿನ ಜೇಡಿ ಕಾಣುತ್ತಿದೆ. ಮರಳು ಹೊಳೆಯ ತಿಜೋರಿ ಎಂಬುದು ನನಗೆ ಅರ್ಥವಾದದ್ದು ಈ ದಿನ. ಮಳೆಯ ನೀರನ್ನು ಬಿಸಿಲಿಗೆ ಕಾಣದಂತೆ ಒಡಲಲ್ಲಿ ಇಟ್ಟುಕೊಂಡು, ಬೇಸಿಗೆಯವರೆಗೆ ಸ್ವಲ್ಪ ಸ್ವಲ್ಪವೇ ಅಕ್ಕಪಕ್ಕದ ಬಾವಿಗಳಿಗೆ ಕೊಡುವುದು ಅದೇ. ಮರಳು ಹೋದರೆ ನೀರು ಬಂದ ದಾರಿಯಲ್ಲಿಯೇ ಓಡಿಹೋಗುತ್ತದೆ.

ಅಪ್ಪ ಚಪ್ಪಲಿ ಬಿಟ್ಟು ಮರಳಿಗಿಳಿದರು. ಜಾಗವೊಂದನ್ನು ಕಾಲಿನಿಂದ ಒತ್ತಿ ನೋಡಿದರು, ಎರಡು ಹೆಜ್ಜೆ ಸರಿದರು, ಕುಳಿತರು. ಎರಡೂ ಕೈಯಿಂದ ತೋಡತೊಡಗಿದರು. ಮೇಲಿನ ಮರಳು ಬಿಳಿ, ಪುಡಿಪುಡಿ, ತೋಡಿದಷ್ಟೂ ಬದಿಯಿಂದ ಜರಿಯುತ್ತಿತ್ತು. ಗೇಣು ಆಳಕ್ಕೆ ಬಣ್ಣ ಬದಲಾಯಿತು, ಕಂದು. ಮೊಳಕೈವರೆಗೆ ಹೋದಾಗ ಮರಳು ತಣ್ಣಗಾಗಿ ಬೆರಳಿಗೆ ಅಂಟಿಕೊಂಡಿತು, ಗೋಡೆ ಜರಿಯದೆ ನಿಂತಿತು. ಇನ್ನೆರಡು ಬೊಗಸೆ ಎತ್ತಿ ಕೈ ಹಿಂದಕ್ಕೆ ತೆಗೆದುಕೊಂಡು ಕಾದರು. ಮೊದಲು ತಳ ಹೊಳೆಯಿತು. ಆಮೇಲೆ ಒಂದು ಬದಿಯಿಂದ ಕಲಕು ನೀರು ಒಸರಿ ಬಂದು ಬಟ್ಟಲಿನಷ್ಟು ನಿಂತಿತು. ಅದನ್ನು ಎತ್ತಿ ಚೆಲ್ಲಿದರು. ಮತ್ತೆ ಬಂದ ನೀರನ್ನೂ ಚೆಲ್ಲಿದರು. ಮೂರನೆಯ ಸಲ ಬಂದ ನೀರು ತಿಳಿಯಾಗಿತ್ತು, ತಳದ ಒಂದೊಂದು ಮರಳ ಕಣವೂ ಕಾಣುತ್ತಿತ್ತು.

"ಇದು ಚಿಲುಮೆ" ಎಂದರು. "ಅಮ್ಮ ಬೆಳಗಾಗುವ ಮೊದಲೇ ಬಂದು ತೋಡಿ, ಸೋರೆಬುರುಡೆಯಲ್ಲಿ ಮೊಗೆದು ಬಿಂದಿಗೆ ತುಂಬುತ್ತಿದ್ದಳು. ನಾನು ಕುರಿ ಹೊಡೆದುಕೊಂಡು ಬಂದಾಗ ಅದೇ ಗುಂಡಿಯಲ್ಲಿ ನೀರು ಕುಡಿಯುತ್ತಿದ್ದೆ."

ನಿನ್ನೆ ಬಂಡೆಯಲ್ಲಿ ನೋಡಿದ ಕುಳಿ, ಇಂದು ಮರಳಿನಲ್ಲಿ ನೋಡಿದ ಗುಂಡಿ. ಎರಡರಲ್ಲಿಯೂ ನೀರು ಏರಿ ಬಂದ ರೀತಿ ಒಂದೇ, ಆತುರವಿಲ್ಲದೆ.

ಆಮೇಲೆ ತಲಪರಿಗೆ ನೋಡಲು ಹೋದೆವು. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಸೀಮೆಯ ಹೊರಗಿನವರಿಗೆ ಈ ಪದ ಹೊಸದಾಗಿ ಕೇಳಿಸಬಹುದು. ಹೊಳೆಯ ಬದಿಯ ಅಥವಾ ಕೆರೆಯ ಕೆಳಗಿನ ಮರಳು ಮಿಶ್ರಿತ ನೆಲದಲ್ಲಿ ಊಟೆ, ಅಂದರೆ ನೀರಿನ ಸೆಲೆ, ಇರುವ ಕಡೆ ತೋಡುತ್ತಾರೆ. ಅಲ್ಲಿ ಒಸರುವ ನೀರು ಕಾಲುವೆಯಲ್ಲಿ ತನ್ನಷ್ಟಕ್ಕೆ ಇಳಿಜಾರಿನ ಗದ್ದೆಗೆ ಹರಿದು ಹೋಗುತ್ತದೆ. ಎತ್ತು ಬೇಡ, ಬಾವಿಯಿಂದ ನೀರೆತ್ತುವ ಕಪಿಲೆ ಬೇಡ, ಕರೆಂಟ್ ಬೇಡ. ಬ್ರಿಟಿಷರ ಕಾಲದ ಗೆಜೆಟಿಯರ್‌ನಲ್ಲಿಯೂ ತಲಪರಿಗೆಯ ಪ್ರಸ್ತಾಪವಿದೆ. ಒಂದು ತಲಪರಿಗೆಗೆ ಸೇರಿದ ರೈತರೆಲ್ಲ ಸೇರಿ ಹೂಳೆತ್ತಬೇಕು, ಮನೆಗೊಂದು ಆಳು. ನೀರು ಸರದಿಯ ಪ್ರಕಾರ. ಸರದಿ ತಪ್ಪಿಸಿದವನಿಗೆ ಊರಿನ ಮುಂದೆ ನಿಲ್ಲಬೇಕಾದ ಅವಮಾನ. ಕೊಳವೆಬಾವಿಗಳು ಬಂದವು, ನೂರಾರು ಅಡಿ ಕೆಳಗಿನ ನೀರನ್ನು ಎಳೆದವು, ಮೇಲಿನ ಊಟೆಗಳು ಒಂದೊಂದಾಗಿ ನಿಂತವು. ನೀರು ಒಬ್ಬೊಬ್ಬನ ಸ್ವಿಚ್ಚಿನ ಕೆಳಗೆ ಹೋದ ಮೇಲೆ ಹೂಳೆತ್ತಲು ಯಾರು ಬರುತ್ತಾರೆ?

ಅಪ್ಪನಿಗೆ ಗೊತ್ತಿದ್ದ ತಲಪರಿಗೆ ಹುಡುಕುವುದಕ್ಕೆ ಒಂದು ಗಂಟೆ ಹಿಡಿಯಿತು. ಜಾಲಿ ಬೆಳೆದು ಮುಚ್ಚಿಹೋಗಿತ್ತು. ಕಲ್ಲು ಕಟ್ಟಿದ ಬದಿ ಒಂದು ಕಡೆ ಉಳಿದಿತ್ತು. ಇಣುಕಿದೆವು. ನೆಲ ಒದ್ದೆಯಿತ್ತು! ಜೊಂಡು ಹಸಿರಾಗಿತ್ತು, ಜೊಂಡಿನ ಬುಡದಲ್ಲಿ ಕಪ್ಪೆಯೊಂದು ಕುಳಿತಿತ್ತು. ಹೊಲದಲ್ಲಿದ್ದ ಯುವಕನೊಬ್ಬ ಕುತೂಹಲದಿಂದ ಬಂದು ಏನು ಹುಡುಕುತ್ತಿದ್ದೀರಿ ಎಂದು ಕೇಳಿದ. ಅಪ್ಪ ಹೇಳಿದರು. ಅವನಿಗೆ ಅದು ಹಳೆಯ ಹಳ್ಳ ಎಂದು ಮಾತ್ರ ಗೊತ್ತಿತ್ತು. ಅರ್ಧ ಗಂಟೆ ಇಬ್ಬರೂ ಬದುವಿನ ಮೇಲೆ ಕುಳಿತು ಮಾತಾಡಿದರು, ಕಾಲುವೆ ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು, ಯಾರ ಗದ್ದೆಗೆ ಮೊದಲು, ಯಾರಿಗೆ ಕೊನೆ. ಅವನು ಮೊಬೈಲಿನಲ್ಲಿ ಆ ಕಲ್ಲಿನ ಕಟ್ಟಡದ ಚಿತ್ರ ತೆಗೆದುಕೊಂಡ. ಜಾಲಿ ಕಡಿಸಿ ನೋಡುತ್ತೇನೆ ಎಂದ. ಮಾಡಲಿ ಎಂದು ಮನಸಾರೆ ಬಯಸುತ್ತೇನೆ.

ರಾತ್ರಿ ಮಧುಗಿರಿಯಲ್ಲಿ ತಂಗಿದೆವು.

ಮೂರನೆಯ ದಿನ: ಮೈದನಹಳ್ಳಿಯ ಹುಲ್ಲು

ಕತ್ತಲಿನಲ್ಲಿಯೇ ಹೊರಟು ಕೊಡಿಗೇನಹಳ್ಳಿ ಕಡೆಯಿಂದ ಮೈದನಹಳ್ಳಿ ಮುಟ್ಟಿದಾಗ ಪೂರ್ವ ಆಗ ತಾನೇ ಬಿಳಿಚಿಕೊಳ್ಳುತ್ತಿತ್ತು. ಆಚೆ ಕಡೆ ಆಂಧ್ರದ ಗಡಿ. ಇಲ್ಲಿಯ ಮಾತಿನಲ್ಲಿ ಕನ್ನಡ, ತೆಲುಗು ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಹಿಂದಿನ ದಿನವೇ ಅರಣ್ಯ ಸಿಬ್ಬಂದಿಗೆ ತಿಳಿಸಿದ್ದರಿಂದ ಒಬ್ಬರು ಕಾವಲುಗಾರರು ಕಾಯುತ್ತಿದ್ದರು. ಹೋಗುವವರು ಹೀಗೆ ಮೊದಲೇ ತಿಳಿಸಿ ಹೋಗುವುದು ಒಳ್ಳೆಯದು.

ಇದು ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ, 798 ಎಕರೆ. 2007ರಲ್ಲಿ ಘೋಷಣೆಯಾಯಿತು. ಹೊಳೆಯ ಹೆಸರನ್ನು ಹುಲ್ಲುಗಾವಲಿಗೆ ಇಟ್ಟವರ ಮನಸ್ಸು ದೊಡ್ಡದು. ಮೊದಲ ನೋಟಕ್ಕೆ ಏನೂ ಇಲ್ಲದ ಬಯಲು. ಮೊಳಕಾಲೆತ್ತರದ ಹುಲ್ಲು, ಡಿಸೆಂಬರ್‌ನ ಬಣ್ಣ, ಅಂದರೆ ಹೊಸ ಬೆಲ್ಲದ ಬಣ್ಣ. ಇಬ್ಬನಿಯಲ್ಲಿ ಪ್ರತಿ ತೆನೆಯೂ ಬಾಗಿತ್ತು. ಪ್ಯಾಂಟು ಮಂಡಿಯವರೆಗೆ ಒದ್ದೆಯಾಗಿ, ಹುಲ್ಲಿನ ಮುಳ್ಳುಬೀಜಗಳು ಅಂಟಿಕೊಂಡವು.

ವೀಕ್ಷಣಾ ಗೋಪುರಕ್ಕೆ ಹತ್ತುವ ಮೊದಲು ಜಾಡಿನ ಮೇಲೆ ಕಾವಲುಗಾರರು ನಿಲ್ಲಿಸಿ ನೆಲ ತೋರಿಸಿದರು. ಹಿಕ್ಕೆಯ ಗುಡ್ಡೆ. ಕಪ್ಪು ಮಿರುಗುವ ಹೊಸ ಹಿಕ್ಕೆ ಮೇಲೆ, ಬೂದು ಬಣ್ಣದ ಹಳೆಯದು ಕೆಳಗೆ, ಅದರ ಕೆಳಗೆ ಮಣ್ಣಾಗುತ್ತಿರುವುದು. ಸುತ್ತ ಗೊರಸಿನಿಂದ ಕೆರೆದ ಗುರುತು. ಗಂಡು ಕೃಷ್ಣಮೃಗ ತನ್ನ ಸರಹದ್ದನ್ನು ಸಾರುವುದು ಹೀಗೆ. ದಿನವೂ ಅದೇ ಜಾಗಕ್ಕೆ ಬಂದು ಹಿಕ್ಕೆ ಹಾಕಿ, ಇದು ನನ್ನದು ಎಂದು ಉಳಿದ ಗಂಡುಗಳಿಗೆ ತಿಳಿಸುತ್ತದೆ. ಅಪ್ಪ ಕಡ್ಡಿಯಿಂದ ಒಂದು ಹಿಕ್ಕೆಯನ್ನು ಒಡೆದು ನೋಡಿ, ಬರೀ ಹುಲ್ಲಿನ ನಾರು, ಆರೋಗ್ಯವಾಗಿದೆ ಎಂದರು. ಕುರಿ ಕಾದವರ ಕಣ್ಣು.

ಬಿಸಿಲು ಹುಲ್ಲಿನ ಮೇಲೆ ಬಿದ್ದಾಗ ಅವು ಕಂಡವು. ಅಷ್ಟು ಹೊತ್ತು ಅಲ್ಲಿಯೇ ಇದ್ದವು, ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಕಂದು ಮೈಯ ಹೆಣ್ಣುಗಳ ಹಿಂಡು, ಮರಿಗಳು, ಒಂದು ಬದಿಗೆ ದೂರವಾಗಿ ನಿಂತ ಕಪ್ಪು ಗಂಡು. ತಿರುಪಿದ ಕೊಂಬು, ಕಣ್ಣಿನ ಸುತ್ತ ಬಿಳಿಯ ಬಳೆ, ಹೊಟ್ಟೆ ಹಾಲಿನಷ್ಟು ಬಿಳುಪು. ಅದು ಮೂತಿ ಮೇಲಕ್ಕೆತ್ತಿ, ಕೊಂಬನ್ನು ಬೆನ್ನಿಗೆ ಒರಗಿಸಿ, ಗತ್ತಿನಿಂದ ನಾಲ್ಕು ಹೆಜ್ಜೆ ಹಾಕಿತು. ಆಮೇಲೆ ಯಾವ ನಾಯಿಯ ವಾಸನೆ ಬಡಿಯಿತೋ, ಹಿಂಡು ಹಾರಿತು. ಓಡಿತು ಎಂದರೆ ಸಾಲದು. ಒಂದು ನೆಗೆಯಿತು, ಅದು ಇಳಿಯುವ ಮೊದಲೇ ಇನ್ನೊಂದು, ಮತ್ತೊಂದು, ಹುಲ್ಲಿನ ಮೇಲೆ ಅಲೆ ಎದ್ದಂತೆ. ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗದಲ್ಲಿ ಓಡಬಲ್ಲ ಪ್ರಾಣಿಗೆ ಬಯಲೇ ಬೇಕು. ಮರಗಳ ನಡುವೆ ಅದರ ಓಟಕ್ಕೆ ಅರ್ಥವಿಲ್ಲ, ದೂರದ ಶತ್ರು ಅದರ ಕಣ್ಣಿಗೆ ಬೀಳುವುದೂ ಇಲ್ಲ.

ಇಲ್ಲಿಯೇ ನನ್ನ ಸಂಕಟವೂ ಇದೆ. ಹುಲ್ಲುಗಾವಲಿನ ನಡುವೆ ಅಲ್ಲಲ್ಲಿ ನೀಲಗಿರಿ, ಅಕೇಶಿಯಾ ನೆಡುತೋಪುಗಳಿವೆ. ಬಯಲೆಂದರೆ ಖಾಲಿ, ಖಾಲಿಯೆಂದರೆ ಗಿಡ ನೆಡಬೇಕು ಎಂಬ ಲೆಕ್ಕಾಚಾರದಲ್ಲಿ ಬಯಲುಸೀಮೆಯುದ್ದಕ್ಕೂ ನೀಲಗಿರಿ ಬೆಳೆಸಿದೆವು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆದರೆ ಮನಸ್ಸಿನಲ್ಲಿ ಆ ಲೆಕ್ಕ ಇನ್ನೂ ಹೋಗಿಲ್ಲ. ಪರಿಸರ ದಿನ ಬಂದರೆ ಇಂದಿಗೂ ಹುಲ್ಲಿನ ಬಯಲಿನಲ್ಲಿ ಗುಂಡಿ ತೋಡಿ ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುತ್ತೇವೆ. ಹುಲ್ಲಿನ ಬೇರು ಮಳೆಯನ್ನು ನಿಲ್ಲಿಸಿಕೊಂಡು ನೆಲಕ್ಕೆ ಇಳಿಸುತ್ತದೆ, ದನಕರುಗಳನ್ನು ಸಾಕುತ್ತದೆ, ಕೃಷ್ಣಮೃಗವನ್ನು ಸಾಕುತ್ತದೆ. ದಾಖಲೆಗಳಲ್ಲಿ ಮಾತ್ರ ಅದು ಖರಾಬು, ಅಂದರೆ ಸಾಗುವಳಿಗೆ ಬಾರದ ಜಮೀನು. ಈ ಪದವನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

ಗೋಪುರದ ಮೇಲೆ ಕುಳಿತಿದ್ದಾಗ ಸೆಳೆವವೊಂದು ಬಂತು. ರೆಕ್ಕೆಯನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದು, ಹುಲ್ಲಿನ ತುದಿಗೆ ತಾಕುವಷ್ಟು ಕೆಳಗೆ ತೇಲುತ್ತಾ ಹೊಲ ಉತ್ತಂತೆ ಹಿಂದಕ್ಕೂ ಮುಂದಕ್ಕೂ ಹೋಗುವ ಗಿಡುಗ ಇದು. ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಚಳಿಗಾಲಕ್ಕೆ ಇಲ್ಲಿಗೆ ಬಂದು ರಾತ್ರಿ ಹುಲ್ಲಿನಲ್ಲಿಯೇ, ನೆಲದ ಮೇಲೆಯೇ ಮಲಗುತ್ತದೆ. ಸಾವಿರಾರು ಮೈಲಿ ಹಾರಿ ಬಂದ ಹಕ್ಕಿಗೆ ಇದು ಖಾಲಿ ಜಾಗವಾಗಿ ಕಂಡಿಲ್ಲ.

ಎಲ್ಲವೂ ಸುಖವಾಗಿಲ್ಲ ಎಂಬುದನ್ನೂ ಹೇಳಬೇಕು. 798 ಎಕರೆಗೆ ಹಿಂಡುಗಳು ಹಿಡಿಸುವುದಿಲ್ಲ, ಸುತ್ತಲ ಹೊಲಗಳಿಗೆ ಇಳಿಯುತ್ತವೆ. ಗಡಿಯ ಬಳಿ ಮಾತಾಡಿದ ರೈತ ಮಹಿಳೆ ಕಡಲೆಕಾಯಿ ಬಿತ್ತಿ, ಎಳೆಯ ಪೈರನ್ನು ಕಾಯಲು ರಾತ್ರಿಯೆಲ್ಲ ಗುಡಿಸಿಲಿನಲ್ಲಿ ಕೂತಿದ್ದನ್ನು ಹೇಳಿದರು. ಕಲ್ಲು ಹೊಡೆದು ಓಡಿಸುತ್ತೀರಾ ಎಂದು ಕೇಳಿದೆ. "ತಟ್ಟೆ ಬಡಿಯುತ್ತೇವೆ" ಎಂದರು. "ಅವುಗಳಿಗೂ ಮರಿಗಳಿರುತ್ತವೆ." ಬೆಳೆ ನಷ್ಟದ ಹಣ ಸಕಾಲಕ್ಕೆ ಆ ಕೈಗೆ ಸೇರದಿದ್ದರೆ ಈ ಬಯಲನ್ನು ಕಾಯುತ್ತಿರುವ ದೊಡ್ಡ ಬೇಲಿಯೇ ಬೀಳುತ್ತದೆ. ಆ ಬೇಲಿ ಇವರ ಸಹನೆ.

ಹತ್ತು ಗಂಟೆಗೆ ಬಿಸಿಲು ಏರಿತು. ಹೊರಡೋಣ ಎಂದೆ. ಅಪ್ಪ ಗೋಪುರದ ಕಟಕಟೆಗೆ ಎರಡೂ ಕೈ ಊರಿ ನಿಂತಿದ್ದರು, ತುಟಿ ಅಲ್ಲಾಡುತ್ತಿತ್ತು. ಜಪವೇನೋ ಎಂದುಕೊಂಡು ಹತ್ತಿರ ಹೋದೆ. ಚಿಕ್ಕಂದಿನಲ್ಲಿ ಸಂಜೆ ಕುರಿಗಳನ್ನು ರೊಪ್ಪಕ್ಕೆ ಸೇರಿಸುವಾಗ ಎಣಿಸುತ್ತಿದ್ದಂತೆ, ಜೋಡಿ ಜೋಡಿಯಾಗಿ ಬೆರಳು ಮಡಚುತ್ತಾ ಹಿಂಡನ್ನು ಎಣಿಸುತ್ತಿದ್ದರು. ಮೂವತ್ತೆಂಟಕ್ಕೆ ನಿಂತರು. ಮತ್ತೆ ಹುಲ್ಲಿನ ಕಡೆ ನೋಡಿದರು.

"ತಾಳು" ಎಂದರು. "ಒಂದು ಮರಿ ಮಲಗಿತ್ತು, ಬಿಟ್ಟುಹೋಯಿತು. ಮೊದಲಿನಿಂದ ಎಣಿಸುತ್ತೇನೆ."